ಮೂವರಲ್ಲಿ ಇಬ್ಬರು

ಕಳೆದ ವರ್ಷ ಹಾಸನಾಂಬೆಯ ಬಾಗಿಲು ತೆರೆದ ವಾರ ನಮ್ಮ ನಡುಮನೆಯಲ್ಲಿ ಹಾಸಿಗೆ ಸುತ್ತಿಡುವುದಕ್ಕೂ ಪುರುಸೊತ್ತಿರಲಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು, ದೀಪಾವಳಿ ಮುಗಿದ ಮೇಲೆ ಮತ್ತೆ ವರ್ಷದವರೆಗೆ ಮುಚ್ಚಿಕೊಳ್ಳುವ ಗುಡಿ ಅದು. ಹಾಗಾಗಿ ಹಾಸನದಲ್ಲಿ ಮನೆ ಮಾಡಿಕೊಂಡಿರುವವರಿಗೆಲ್ಲ ಆ ದಿನಗಳು ನೆಂಟರ ಹಬ್ಬವೇ ಸರಿ. ಅರಕಲಗೂಡು ಕಡೆಯಿಂದ ನನ್ನ ಸೋದರತ್ತೆ ಬಂದಿದ್ದರು, ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಬಂದಿದ್ದ, ಸಕಲೇಶಪುರದಿಂದ ಒಬ್ಬ ಹಳೆಯ ಗೆಳೆಯನೂ ಬಂದಿದ್ದ. ಗೆಳೆಯ ದೇವಿಯ ದರ್ಶನಕ್ಕೆ ಬಂದವನಲ್ಲ, ವರ್ಷಕ್ಕೊಮ್ಮೆ ನನ್ನ ಜೊತೆ ಕೂತು ಕಾಫಿ ಕುಡಿಯಲು ಬರುವವನು. ಆ ಒಂದು ವಾರದಲ್ಲಿ, ಮೊದಲೇ ಅಂದುಕೊಂಡಿರದಿದ್ದರೂ, ಈ ಮೂವರೂ ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಆಟದ ಮುಂದೆ ಕೂತರು. ಕಚೇರಿಯ ಸಹೋದ್ಯೋಗಿಯೊಬ್ಬರು ಅದನ್ನು ಅದಕ್ಕೂ ಮೊದಲೇ ತಮ್ಮ ಮನೆಯಲ್ಲಿ ಆಡಿದ್ದರು. ಒಂದೇ ಕಥೆಯನ್ನು ಕಂಡ ಈ ನಾಲ್ವರು ಹೇಳಿದ ಮಾತುಗಳು ಒಂದಕ್ಕೊಂದು ಎಷ್ಟು ದೂರವಿದ್ದವೆಂದರೆ, ಅವನ್ನು ಬರೆದಿಡದಿದ್ದರೆ ನನಗೇ ಮುಂದೆ ನಂಬಿಕೆ ಬರಲಿಕ್ಕಿಲ್ಲ.

ಆಟದ ಹೆಸರು 'ವಿ ನೋ ದ ಡೆವಿಲ್'. 2015ರಲ್ಲಿ ಬಂದದ್ದು, ಬರವಣಿಗೆ ಏವಿ ಬೀ ಅವರದು, ಚಿತ್ರ ಮಿಯಾ ಶ್ವಾರ್ಟ್ಜ್ ಅವರದು. ಇದನ್ನು ವಿಶುವಲ್ ನಾವೆಲ್ ಎಂದು ಕರೆಯುತ್ತಾರೆ. ಪರದೆಯ ಮೇಲೆ ಚಿತ್ರ, ಅದರ ಕೆಳಗೆ ಮಾತು, ಓದುತ್ತಾ ಒತ್ತುತ್ತಾ ಹೋಗಬೇಕು, ಆಗಾಗ ನಾವೊಂದು ಆಯ್ಕೆ ಮಾಡಬೇಕು, ಅಷ್ಟೇ. ಎರಡು ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ. ಕ್ರೈಸ್ತ ಮಕ್ಕಳನ್ನು ತಿದ್ದಲೆಂದು ನಡೆಸುವ ಒಂದು ಬೇಸಿಗೆ ಶಿಬಿರದಲ್ಲಿ ನೆಪ್ಚೂನ್, ಜ್ಯೂಪಿಟರ್, ವೀನಸ್ ಎಂಬ ಮೂವರನ್ನು ಒಂದು ರಾತ್ರಿ ಕಾಡಿನೊಳಗಿನ ಗುಡಿಸಲಿಗೆ ಕಳಿಸುತ್ತಾರೆ. ಆ ರಾತ್ರಿ ಅಲ್ಲಿಗೆ ಸೈತಾನ ಬರುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಆ ಮಕ್ಕಳಿಗೂ ಗೊತ್ತು. ಅವನು ಬಾಗಿಲು ಬಡಿದು ಬರುವವನಲ್ಲ, ಮೂವರಲ್ಲಿ ಒಬ್ಬರ ಒಳಗಿನಿಂದಲೇ ಏಳುವವನು. ಆಟಗಾರನಿಗೆ ಕೊಟ್ಟಿರುವ ಕೆಲಸ ಒಂದೇ: ಪ್ರತಿ ಘಟ್ಟದಲ್ಲಿ ಮೂವರಲ್ಲಿ ಯಾವ ಇಬ್ಬರು ಜೊತೆಗಿರಬೇಕು ಎಂದು ಆರಿಸುವುದು. ಮೂರನೆಯವರು ಯಾರೆಂದು ಆಟ ಕೇಳುವುದಿಲ್ಲ, ಅದು ತಾನಾಗಿ ಆಗುತ್ತದೆ. ಅತಿ ಹೆಚ್ಚು ಬಾರಿ ಹಾಗೆ ಉಳಿದುಹೋದವರೇ ಕೊನೆಗೆ ಸೈತಾನನ ಪಾಲಾಗುತ್ತಾರೆ, ಉಳಿದಿಬ್ಬರು ಸೇರಿ ಆ ಸೈತಾನನನ್ನು ಬಗ್ಗುಬಡಿಯುತ್ತಾರೆ. ಮೂವರಿಗೂ ಒಂದೊಂದು ಮುಕ್ತಾಯ. ಯಾರನ್ನೂ ಹೆಚ್ಚು ಹೊರಗಿಡದೆ ಸರಿಸಮವಾಗಿ ಆಡಿದವರಿಗೆ ನಾಲ್ಕನೆಯದು.

ಇದನ್ನು ಕ್ವಿಯರ್ ಹಾರರ್ ಎನ್ನುತ್ತಾರೆ. ಕ್ವಿಯರ್ ಎಂಬುದಕ್ಕೆ ನಮ್ಮಲ್ಲಿ ಸಭೆ, ಪತ್ರಿಕೆಗಳಲ್ಲಿ 'ಲೈಂಗಿಕ ಅಲ್ಪಸಂಖ್ಯಾತರು' ಎಂಬ ಉದ್ದದ ಹೆಸರು ನಡೆಯುತ್ತದೆ. ಅರ್ಜಿ ಬರೆಯುವಾಗ ಅದು ಸರಿ, ಮನೆಯಲ್ಲಿ ಯಾರೂ ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳುವುದನ್ನು ನಾನು ಕೇಳಿಲ್ಲ. ನಾನಂತೂ ಹೇಳಿಕೊಂಡಿಲ್ಲ.

ನಮ್ಮ ಮನೆಯಲ್ಲಿ ಮೊದಲು ಆಡಿದವನು ಚಿಕ್ಕಪ್ಪನ ಮಗ. ಅವನಿಗೆ ಈ ಬಗೆಯ ಆಟಗಳು ಹೊಸತಲ್ಲ. 2017ರಲ್ಲಿ ಉಚಿತವಾಗಿ ಬಿಟ್ಟ 'ಡೋಕಿ ಡೋಕಿ ಲಿಟರೇಚರ್ ಕ್ಲಬ್' ಆಡಿ, ಅದರಲ್ಲಿ ಪಾತ್ರವೊಂದರ ಕಡತವನ್ನು ತನ್ನ ಕೈಯಿಂದಲೇ ಅಳಿಸಬೇಕಾಗಿ ಬಂದದ್ದನ್ನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದವನು. ಹಾಗಾಗಿ ಇಲ್ಲಿಯೂ ಏನೋ ಒಂದು ಪರದೆ ಹರಿದುಕೊಂಡು ಬರುತ್ತದೆ ಎಂದು ಕಾಯುತ್ತಾ, ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕೂತ. ಅರ್ಧ ಗಂಟೆಗೊಮ್ಮೆ ಒಳಗೆ ಬಂದು, "ಅಕ್ಕ, ಇದು ಆಟಾನೇ ಅಲ್ಲ, ಬರೀ ಓದೋದೇ ಆಯ್ತು, ಇನ್ನೂ ಏನೂ ಹೆದರಿಕೆನೇ ಬಂದಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದ. ಅವನ ದೂರಿನಲ್ಲಿ ಹುರುಳಿದೆ. ಮೊದಲರ್ಧ ನಿಧಾನ, ಮಾತುಗಳು ತುಂಡುತುಂಡು, ಕೆಲವೆಡೆ ಬರಹಗಾರ್ತಿ ತನ್ನ ವಾಕ್ಯಕ್ಕೆ ತಾನೇ ಮರುಳಾದಂತಿದೆ.

ಅವನು ನೆಪ್ಚೂನ್ ಮತ್ತು ವೀನಸ್ ಇಬ್ಬರನ್ನೇ ಮತ್ತೆ ಮತ್ತೆ ಜೊತೆ ಮಾಡಿದ್ದ. ಒಬ್ಬಳದು ಚುಚ್ಚುಮಾತು, ಇನ್ನೊಬ್ಬರದು ಸಂಕೋಚ. ಆ ಜೋಡಿ ಮಾತಾಡುವಾಗ ತಮಾಷೆಯಾಗಿರುತ್ತದೆ ಎಂಬುದಷ್ಟೇ ಕಾರಣ. ಜ್ಯೂಪಿಟರ್ ಒಳ್ಳೆಯ ಹುಡುಗಿ, ಹೇಳಿದ ಮಾತು ಕೇಳುವವಳು, ಆಟದಲ್ಲಿ ಮುಂದು, ಎಲ್ಲರಿಗೂ ಮಾದರಿ. ಅವಳಿಗೇನು, ಒಬ್ಬಳೇ ಇದ್ದರೂ ನಡೆಯುತ್ತದೆ ಎಂದುಕೊಂಡನಂತೆ. ಕೊನೆಗೆ ಆ ಜ್ಯೂಪಿಟರಳ ಮೈಯಿಂದ ಕೈಗಳು ಹೊರಡುತ್ತವೆ. ಇಷ್ಟು ದಿನ ಯಾರನ್ನೂ ಮುಟ್ಟದಂತೆ ಬಿಗಿಹಿಡಿದುಕೊಂಡಿದ್ದ ಹುಡುಗಿಯಿಂದ, ಮುಟ್ಟಬೇಕೆಂದು ಚಾಚುವ ಕೈಗಳು. ನಮ್ಮ ಹುಡುಗ ಇಯರ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ನಾನೇನೂ ಮಾಡ್ಲಿಲ್ಲಕ್ಕ. ಅವರಿಬ್ರ ಜೋಡಿ ಚೆನ್ನಾಗಿತ್ತು, ಅಷ್ಟೇ." ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. ಮೂರು ಸಲ ಅದನ್ನೇ ಹೇಳಿದ. ಆಮೇಲೆ ತಟ್ಟೆಗೆ ಹಾಕಿದ್ದ ದೋಸೆ ಆರಿಹೋಗುವವರೆಗೆ ಮೊಬೈಲ್ ನೋಡುತ್ತಾ ಕೂತ. ನನ್ನ ಮಟ್ಟಿಗೆ ಆ ಆಟಕ್ಕೆ ಸಿಕ್ಕ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು. ಪರದೆ ಹರಿದು ಏನೂ ಬರಲಿಲ್ಲ. ತಾನು ಯಾರನ್ನೂ ದೂಡದೆಯೇ ಒಬ್ಬಳನ್ನು ಅಂಚಿಗೆ ತಂದಿಟ್ಟಿದ್ದೆ ಎಂಬುದು ತಡವಾಗಿ ಗೊತ್ತಾದದ್ದೇ ಅವನಿಗೆ ಹೆದರಿಕೆಯಾಯಿತು.

ಸಹೋದ್ಯೋಗಿಯ ಮಾತು ಬೇರೆ ದಾರಿಯದು. ನಾನು ಲೆಕ್ಕಪತ್ರ ನೋಡಿಕೊಳ್ಳುವ ಕಾಫಿ ಕ್ಯೂರಿಂಗ್ ಕಚೇರಿಯಲ್ಲಿ ಅವರು ಹಿರಿಯರು, ಬಹಳ ಓದಿಕೊಂಡವರು, ಮನಸ್ಸೂ ದೊಡ್ಡದು. ನಾಲ್ಕೂ ಮುಕ್ತಾಯಗಳನ್ನು ಮುಗಿಸಿಕೊಂಡು ಬಂದು, "ಮೇಡಂ, ಚೆನ್ನಾಗಿದೆ, ಆದರೆ ಇದು ಅವರ ಧರ್ಮದ ಕಾಯಿಲೆ" ಎಂದರು. ಪಾಪ, ಸೈತಾನ, ನರಕ ಇವೆಲ್ಲ ಅಲ್ಲಿಯವು. ನಮ್ಮಲ್ಲಿ ವಿಷ್ಣುವೇ ಮೋಹಿನಿಯಾದ, ಬೇಲೂರಿನ ನವರಂಗದ ಕಂಬದಲ್ಲಿ ಅವಳನ್ನು ಕಡೆದು ನಿಲ್ಲಿಸಿದ್ದಾರೆ, ಶಿವ ಅರ್ಧನಾರಿಯಾದ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಎಲ್ಲಮ್ಮನ ಜೋಗತಿಯರಿಗೆ ಜನ ಕೈಮುಗಿಯುತ್ತಾರೆ, ಹೀಗೆ ಅವರ ವಾದ. ಅದು ಸುಳ್ಳೆಂದು ಹೇಳಲಾರೆ. ಬೇಲೂರಿಗೆ ಹೋದಾಗಲೆಲ್ಲ ಆ ಕಂಬದ ಮುಂದೆ ನಾನೂ ನಿಲ್ಲುತ್ತೇನೆ. ಆದರೆ ಕಂಬದಲ್ಲಿ ಜಾಗವಿರುವುದೂ ಮನೆಯಲ್ಲಿ ಜಾಗವಿರುವುದೂ ಬೇರೆ ಬೇರೆ. ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, ಅದಕ್ಕೂ ಮೊದಲೇ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು; ಅದೆಲ್ಲಕ್ಕೂ ಮೊದಲು ಮನೆ ಬಿಟ್ಟು ಭಿಕ್ಷೆ ಬೇಡಿ ಬದುಕಿದ ದಿನಗಳನ್ನೂ ಅವರೇ ಹೇಳಿಕೊಂಡಿದ್ದಾರೆ. ದೇವಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಕೈಮುಗಿಯುವ ಬೀದಿಯಲ್ಲಿಯೇ ಅವರಿಗೆ ಬಾಡಿಗೆಗೆ ಮನೆ ಸಿಗುವುದಿಲ್ಲ. ಇಷ್ಟನ್ನು ನಾನು ಹೇಳಿದೆ. "ಅದು ಸಮಾಜ ಮೇಡಂ, ಧರ್ಮ ಅಲ್ಲ" ಎಂದರು. ಅಷ್ಟರಲ್ಲಿ ತೋಟದಿಂದ ಕಾಫಿ ಚೆರಿಯ ಲೋಡು ಬಂದು ನಿಂತಿದ್ದರಿಂದ ಮಾತು ಅಲ್ಲಿಗೇ ನಿಂತಿತು. ಆ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಅವರು ನನಗೆ ತೋರಿಸಿದರೆ ಈಗಲೂ ನೋಡಲು ಸಿದ್ಧಳಿದ್ದೇನೆ.

ಹಾಗಿದ್ದರೆ ಅದು ನಿಜವಾಗಿ 'ಅವರ' ಧರ್ಮವೇ ಆಗಿದ್ದ ನನ್ನ ಗೆಳೆಯ ಏನೆಂದ? ಅವನು ಸಕಲೇಶಪುರದ ಆಚೆ ಒಂದು ಎಸ್ಟೇಟಿನ ಕೂಲಿಗಾರರ ಲೈನ್ ಮನೆಯಲ್ಲಿ ಬೆಳೆದ ಕ್ಯಾಥೊಲಿಕ್ ಹುಡುಗ. ಅವನ ಅಜ್ಜಿಯ ತವರು ಶೆಟ್ಟಿಹಳ್ಳಿಯ ಕಡೆ. 1860ರ ದಶಕದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ ಅಲ್ಲಿನ ರೋಸರಿ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸೇರಿ, ಮಳೆಗಾಲದಲ್ಲಿ ಮುಳುಗುತ್ತಾ ಬೇಸಿಗೆಯಲ್ಲಿ ಏಳುತ್ತಾ ಇರುವುದು ಎಲ್ಲರಿಗೂ ಗೊತ್ತಿರುವುದೇ. ಅಲ್ಲಿಗೆ ಫೋಟೋ ತೆಗೆಯಲು ಬರುವವರು ಹಾರರ್ ಸಿನಿಮಾದ ಹಾಗಿದೆ ಎನ್ನುವುದನ್ನು ಕೇಳಿದಾಗ ಅವನಿಗೆ ಸಿಟ್ಟು ಬರುತ್ತದೆ. ಅಜ್ಜಿಯ ಪಾಲಿಗೆ ಅದು ತಾನು ಮದುವೆಯಾದ ಜಾಗ, ನೀರು ಬಂದಾಗ ಬಿಟ್ಟು ಬಂದ ಜಾಗ. ಆದ್ದರಿಂದ ಶಿಲುಬೆ, ಮೇಣದ ಬತ್ತಿ, ಕಾಡಿನ ಕತ್ತಲು ಇವುಗಳಿಗೆಲ್ಲ ಅವನು ಹೆದರುವವನಲ್ಲ.

ಅವನು ಆಟ ತೆರೆದು ಹತ್ತೇ ನಿಮಿಷಕ್ಕೆ ಮುಚ್ಚಿಟ್ಟ. ಶಿಬಿರದ ಹಿರಿಯನು ಬೆಂಕಿಯ ಮುಂದೆ ಮಕ್ಕಳಿಗೆ ಬುದ್ಧಿ ಹೇಳುವ ಮೊದಲ ಭಾಗವದು. ಜಗಲಿಗೆ ಹೋಗಿ ಒಂದು ಸಿಗರೇಟು ಮುಗಿಸಿ ಬಂದು, "ಹೊಡೆಯೋರ ಮಾತು ಹಿಂಗಿರಲ್ಲ ಕಣೇ. ಪ್ರೀತಿ ಮಾಡೋರ ಮಾತೇ ಹಿಂಗಿರೋದು" ಎಂದ. ತಮ್ಮ ಊರಿನ ಫಾದರ್ ಒಳ್ಳೆಯವರಾಗಿದ್ದರು, ಕೈ ಎತ್ತಿದವರಲ್ಲ, ಸಾಲ ತೀರಿಸಲು ಅವನ ಅಪ್ಪನಿಗೆ ದುಡ್ಡು ಕೊಟ್ಟವರು ಎಂದು ನನಗೆ ಒತ್ತಿ ಒತ್ತಿ ಹೇಳಿದ. ಹೆದರಿಕೆ ಇದ್ದದ್ದು ಪಾಪನಿವೇದನೆಯ ಸಾಲಿನಲ್ಲಿ. ಹದಿಮೂರನೆಯ ವಯಸ್ಸಿನಲ್ಲಿ, ಹೇಳಲಾರದ ಒಂದು ಸಂಗತಿ ಎದೆಯಲ್ಲಿದ್ದಾಗ, ಆ ಸಾಲಿನಲ್ಲಿ ನಿಂತು ಅದರ ಬದಲು ಹೇಳಲು ಬೇರೆ ಪಾಪಗಳನ್ನು ಹೊಂದಿಸಿಕೊಳ್ಳುತ್ತಿದ್ದನಂತೆ. ಸಾಹುಕಾರರ ತೋಟದಲ್ಲಿ ಎರಡು ಕಿತ್ತಳೆ ಕದ್ದೆ ಎಂದು ಒಂದು ವಾರ, ತಂಗಿಗೆ ಬೈದೆ ಎಂದು ಇನ್ನೊಂದು ವಾರ. ಅವನು ಕಿತ್ತಳೆ ಕದ್ದಿರಲಿಲ್ಲ. ಇಲ್ಲದ ಪಾಪ ಹೇಳಿ ಇರುವುದನ್ನು ಮುಚ್ಚಿಟ್ಟದ್ದರಿಂದ, ಫಾದರ್ ಕೊಟ್ಟ ಕ್ಷಮೆಯೂ ಸುಳ್ಳಿಗೆ ಕೊಟ್ಟ ಕ್ಷಮೆಯಾಗಿ, ವಾರದಿಂದ ವಾರಕ್ಕೆ ಬಡ್ಡಿ ಬೆಳೆದಂತೆ ಬೆಳೆಯಿತು. ಈಗಲೂ ಅವನು ಕಿತ್ತಳೆ ತಿನ್ನುವುದಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅದು ಹುಳಿಯ ಕಾರಣಕ್ಕೆ ಎಂದುಕೊಂಡಿದ್ದೆ.

ಮಾರನೆಯ ದಿನ ಅವನೇ ಕೇಳಿ ಆಟ ತೆಗೆಸಿಕೊಂಡ. ಅವನು ಆಡಿದ ರೀತಿಯನ್ನು ಇಲ್ಲಿ ಹೇಳಲೇಬೇಕು: ಒಂದು ಹಳೆಯ ರಸೀದಿಯ ಹಿಂಬದಿಯಲ್ಲಿ ಮೂರು ಹೆಸರು ಬರೆದು, ಯಾರು ಎಷ್ಟು ಬಾರಿ ಹೊರಗುಳಿದರು ಎಂದು ಗೆರೆ ಎಳೆದುಕೊಳ್ಳುತ್ತಾ ಹೋದ. ಕಥೆಯನ್ನು ಓದುವುದಕ್ಕಿಂತ ಲೆಕ್ಕ ತಪ್ಪದಿರುವುದೇ ಮುಖ್ಯವಾಗಿತ್ತು ಅವನಿಗೆ. ಹಾಗಾಗಿ ನಮ್ಮಲ್ಲಿ ಮೊದಲ ಸಲಕ್ಕೇ ನಾಲ್ಕನೆಯ ಮುಕ್ತಾಯ ಕಂಡವನು ಅವನೊಬ್ಬನೇ. ಅಲ್ಲಿ ಮೂವರೂ ಸೈತಾನನನ್ನು ಒಟ್ಟಿಗೆ ಒಳಗೆ ಕರೆದುಕೊಳ್ಳುತ್ತಾರೆ, ಹೊಡೆಯಲು ಯಾರೂ ಉಳಿಯುವುದಿಲ್ಲ. ಗೆಳೆಯ ನಕ್ಕ. ನಾನು ನಕ್ಕಿರದ ಕಡೆಗಳಲ್ಲೆಲ್ಲ ಅವನು ನಗುತ್ತಿದ್ದ. ಅದು ಒಳಗಿನವರ ನಗು, ಹೊರಗಿನವಳಾದ ನನಗೆ ಪೂರ್ತಿ ದಕ್ಕುವಂಥದ್ದಲ್ಲ. ನನಗೆ ಮಾತ್ರ ಆ ಮುಕ್ತಾಯ ಅಷ್ಟಾಗಿ ಹಿಡಿಸಿಲ್ಲ. ಗೆಲುವು ತೀರಾ ಬೇಗ ಬಂತು ಎನಿಸುತ್ತದೆ, ಉಳಿದ ಮೂರು ಸೋಲುಗಳಲ್ಲೇ ನಾನು ಕಂಡ ಬದುಕಿದೆ ಎನಿಸುತ್ತದೆ. ಅವನೆದುರು ಹಾಗೆ ಹೇಳಿದಾಗ, "ನಿಂಗೆ ಹಂಗನ್ಸತ್ತೆ, ಯಾಕಂದ್ರೆ ನಿಂಗೆ ಸೋತು ಅಭ್ಯಾಸ" ಎಂದುಬಿಟ್ಟ. ಗೆಳೆಯನೆಂದು ಸುಮ್ಮನಾದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಲೀನ್ ವಿನೆಲ್ 2011ರಲ್ಲಿ ಇಂಥದ್ದಕ್ಕೆ ರಿಲಿಜಿಯಸ್ ಟ್ರಾಮಾ ಸಿಂಡ್ರೋಮ್ ಎಂದು ಹೆಸರಿಟ್ಟರು. ಕನ್ನಡದಲ್ಲಿ 'ಧಾರ್ಮಿಕ ಆಘಾತ' ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಆಘಾತ ಎಂದಕೂಡಲೇ ಒಂದೇ ಏಟಿಗೆ ಬಿದ್ದದ್ದು ಕಣ್ಣಿಗೆ ಬರುತ್ತದೆ. ಗೆಳೆಯನ ಕಿತ್ತಳೆಯಲ್ಲಿ ಅಂಥ ಏಟೇ ಇಲ್ಲ. ಸೂರಿನಿಂದ ಒಂದೇ ಜಾಗದಲ್ಲಿ ಹನಿ ಬಿದ್ದು ಬಿದ್ದು ಅಂಗಳದ ಕಲ್ಲಿನಲ್ಲಿ ಆಗುತ್ತದಲ್ಲ, ಅಂಥ ಕುಳಿ ಅದು.

ನನ್ನದು ಹಾಗಲ್ಲ, ಒಂದೇ ದಿನದ್ದು, ತಾರೀಖು ಕೂಡ ನೆನಪಿದೆ. 2006ರಲ್ಲಿ, ನನಗೆ ಹತ್ತೊಂಬತ್ತಾಗಿದ್ದಾಗ, ತರಗತಿಯ ಗೆಳತಿಗೆ ಬರೆದ ಕಾಗದವೊಂದು ದಿಂಬಿನ ಕೆಳಗೆ ಅಮ್ಮನಿಗೆ ಸಿಕ್ಕಿತು. ಯಾರೂ ಬೈಯಲಿಲ್ಲ. ಗಾಳಿ ಸೋಕಿದೆ ಎಂದು ತೀರ್ಮಾನವಾಯಿತು. ಅಪ್ಪನಿಗೆ ತಿಳಿಸದೆ, ಇಬ್ಬರು ಹೆಂಗಸರು ನನ್ನನ್ನು ಬಸ್ಸಿನಲ್ಲಿ ನಡುವೆ ಕೂರಿಸಿಕೊಂಡು, ಶಾಸ್ತ್ರ ಹೇಳುವವರೊಬ್ಬರ ಬಳಿಗೆ ಕರೆದುಕೊಂಡು ಹೋದರು. ತಣ್ಣೀರು ಹೊಯ್ದು ಒದ್ದೆ ಬಟ್ಟೆಯಲ್ಲಿ ಕೂರಿಸಿದರು, ಬೇವಿನ ಸೊಪ್ಪಿನಿಂದ ಬಡಿದರು, ಯಾರು ನೀನು, ಯಾವಾಗ ಸೇರಿಕೊಂಡೆ, ಬಿಟ್ಟು ಹೋಗಲು ಏನು ಬೇಕು ಎಂದು ನನ್ನನ್ನೇ, ಆದರೆ ನಾನಲ್ಲದ ಯಾರನ್ನೋ ಕೇಳುವಂತೆ ಕೇಳಿದರು. ಬೇವಿನ ಏಟು ನೋಯುವುದಿಲ್ಲ. ಆ ಪ್ರಶ್ನೆಗಳಿಗೆ ಏನು ಉತ್ತರ ಹೇಳಿದರೆ ಮನೆಗೆ ಹೋಗಬಹುದು ಎಂದು ಯೋಚಿಸಿದ್ದು ನೆನಪಿದೆ. ಕೊನೆಗೆ, ಹೋಗುತ್ತೇನೆ ಎಂದೆ. ಎಲ್ಲರಿಗೂ ಸಮಾಧಾನವಾಯಿತು. ಎಡತೋಳಿಗೆ ತಾಯಿತ ಕಟ್ಟಿ, ಒಂದು ಮಂಡಲ, ಎಂದರೆ ನಲವತ್ತೆಂಟು ದಿನ, ಎಳ್ಳೆಣ್ಣೆಯ ದೀಪ ಹಚ್ಚುವಂತೆ ಹೇಳಿ ಕಳಿಸಿದರು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ಸಲಿಂಗ ಸಂಬಂಧ ಅಪರಾಧವಲ್ಲವೆಂದ 377ನೆಯ ಕಲಮಿನ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ವೈದ್ಯರು ಇಂಥದ್ದನ್ನು 'ಸರಿಪಡಿಸಲು' ಹೊರಡುವುದು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ಇವೆಲ್ಲ ಅಂದೇ ಇದ್ದಿದ್ದರೂ ನಮ್ಮ ಬಸ್ಸು ಹೊರಡುತ್ತಿತ್ತು ಎಂದೇ ನನ್ನ ಅನಿಸಿಕೆ. ಆ ಇಬ್ಬರಲ್ಲಿ ಒಬ್ಬಳು ನನ್ನಮ್ಮ. ಇನ್ನೊಬ್ಬರು, ಕಳೆದ ವರ್ಷದ ಆ ದೀಪಾವಳಿಗೆ ಬಂದು ನಮ್ಮ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿದ್ದ ಸೋದರತ್ತೆ.

ಅವರಿಗೆ ಆಟವನ್ನು ತೋರಿಸಬೇಕೆಂದು ನಾನು ಅಂದುಕೊಂಡವಳಲ್ಲ. "ಹುಡುಗ್ರು ಅದೇನು ನೋಡಿ ಹಂಗೆ ಮುಖ ಸಪ್ಪಗೆ ಮಾಡ್ಕೋತಾರೆ, ನಂಗೂ ಒಸಿ ಹೇಳು" ಎಂದು ಅವರೇ ಕೇಳಿದರು. ಇಂಗ್ಲಿಷ್ ಬಾರದವರಿಗೆ ಓದಿ ಹೇಳಬೇಕೆಂದರೆ ಎರಡು ಸಂಜೆ ಹಿಡಿಯಿತು. ಹೆಸರುಗಳಲ್ಲೇ ಮೊದಲ ತಕರಾರು. ಗುರು, ಶುಕ್ರ ಗೊತ್ತು, ಈ ನೆಪ್ಚೂನ್ ಯಾವ ಗ್ರಹ, ನಮ್ಮ ನವಗ್ರಹದಲ್ಲಿ ಇಲ್ಲವಲ್ಲ ಎಂದರು. ಇಂಗ್ಲಿಷಿನವರಿಗೆ ವೀನಸ್ ಎಂದರೆ ದೇವತೆ, ಹೆಣ್ಣು. ನಮಗೆ ಶುಕ್ರ ಗಂಡು, ಅದರ ಮೇಲೆ ಅಸುರರ ಗುರು. ಆ ಆಟದಲ್ಲಿ ವೀನಸ್‌ಳನ್ನು ಬಹುಪಾಲು ಎಲ್ಲರೂ 'ಅವನು' ಎಂದೇ ಕರೆಯುತ್ತಾರೆ, ಅವಳು ಹೆಣ್ಣೆಂಬುದು ಸೈತಾನ ಬಂದ ಮೇಲೆಯೇ ಬಾಯಿಬಿಟ್ಟು ಬರುವುದು. ಇಂಗ್ಲಿಷ್ ಓದುಗರಿಗೆ ಹೆಸರಿನಲ್ಲೇ ಸುಳಿವಿದೆ, ಅತ್ತೆಗೆ ಆ ಸುಳಿವಿಲ್ಲ.

ಅಷ್ಟೇ ಆಗಿದ್ದರೆ ಸುಲಭವಿತ್ತು. ಇಂಗ್ಲಿಷಿನಲ್ಲಿ 'ಹೀ' ಹೋಗಿ 'ಶೀ' ಬಂದರೆ ಮುಗಿಯಿತು, ಕ್ರಿಯಾಪದಕ್ಕೆ ಅದರ ಗೊಡವೆಯಿಲ್ಲ. ಕನ್ನಡದಲ್ಲಿ ಬಂದ, ಕೂತ, ನಕ್ಕ, ಸುಮ್ಮನಾದ ಎಂದು ಪ್ರತಿ ವಾಕ್ಯದ ಬಾಲದಲ್ಲೂ ನಾನೇ ಆ ಮಗುವನ್ನು ಗಂಡು ಮಾಡುತ್ತಾ ಹೋಗಬೇಕು. ಎಲ್ಲ ಗೊತ್ತಿದ್ದೂ ಹಾಗೆ ಹೇಳುವುದಕ್ಕೆ ನಾಲಗೆ ತೊಡರುತ್ತಿತ್ತು. 'ಅವರು ಬಂದರು' ಎಂದು ಬಹುವಚನದ ಮರೆಗೆ ಹೋಗೋಣವೆಂದರೆ, ಹದಿಹರೆಯದ ಮಗುವಿಗೆ ಯಾಕೆ ಇಷ್ಟು ಮರ್ಯಾದೆ ಎಂದು ಅತ್ತೆ ಕೇಳಿಯಾರು. ಹಾಗಾಗಿ 'ಬಂದ' ಎಂದೇ ಹೇಳಿದೆ, ಆ ಶಿಬಿರದವರು ಮಾಡುವುದನ್ನೇ ನಾನೂ ಎರಡು ಸಂಜೆ ಮಾಡಿದೆ.

ಇಬ್ಬರನ್ನು ಆರಿಸಬೇಕು ಎಂದಾಗ ಅತ್ತೆ ಮೊದಲು ಒಪ್ಪಲಿಲ್ಲ. "ಮೂರೂ ಮಕ್ಳನ್ನೂ ಒಟ್ಟಿಗೆ ಕಳ್ಸು" ಎಂದರು. ಹಾಗೆ ಮಾಡಲು ಇಲ್ಲಿ ಬರುವುದಿಲ್ಲ ಎಂದೆ. "ಇದೆಂಥ ಆಟ" ಎಂದು ಗೊಣಗಿ, ಜ್ಯೂಪಿಟರ್ ಮತ್ತು ನೆಪ್ಚೂನ್ ಇಬ್ಬರನ್ನು ಆರಿಸಿದರು. ಮುಂದೆಯೂ ಹೆಚ್ಚು ಕಡಿಮೆ ಅವರಿಬ್ಬರನ್ನೇ. ಜಗಳವಾಡುವವರು ಜೊತೆಗಿದ್ದರೆ ಸರಿಹೋಗುತ್ತಾರೆ, ಸಾಧು ಮಗು ಒಂದೇ ಇದ್ದರೂ ಯಾರ ತಂಟೆಗೂ ಹೋಗುವುದಿಲ್ಲ ಎಂಬುದು ನಾಲ್ಕು ಮಕ್ಕಳನ್ನು ಸಾಕಿದ ಅವರ ಲೆಕ್ಕ. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹತ್ತಿಯ ಎಳೆ ಎಳೆದು, ಅಂಗೈಯಲ್ಲಿ ತಿರುವಿ, ಚೂರು ಹಾಲಿಗೆ ಬೆರಳು ಅದ್ದಿ ತುದಿ ಚೂಪು ಮಾಡಿ, ತಟ್ಟೆಯಲ್ಲಿ ಒಂದರ ಪಕ್ಕ ಒಂದು ನಿಲ್ಲಿಸುತ್ತಿದ್ದರು.

ಎರಡನೆಯ ಸಂಜೆ ಆ ಸಾಧು ಮಗುವಿನೊಳಗೆ ಬೆಳಕು ಎದ್ದಿತು. ನಾನು ಮೊದಲೇ ಏನನ್ನೂ ಹೇಳದೆ, "ವೀನಸ್ ಎದ್ದು ನಿಂತಳು" ಎಂದು ಓದಿದೆ.

ಹತ್ತಿಯ ಎಳೆ ಅರ್ಧಕ್ಕೆ ನಿಂತಿತು. "ನಿಂತಳು ಅಂದ್ಯಾ?"

"ಹೂಂ ಅತ್ತೆ."

"ಮೊದ್ಲಿಂದ್ಲೂ ಅವಳೇನಾ?"

"ಮೊದ್ಲಿಂದ್ಲೂ ಅವಳೇ. ಯಾರೂ ಹಂಗೆ ಕರೀತಿರ್ಲಿಲ್ಲ ಅಷ್ಟೇ."

"ನೀನಾದ್ರೂ ಹೇಳೋದಲ್ವಾ. ನಾನೂ ಅವನು ಅವನು ಅಂತಾನೇ ಇದ್ನಲ್ಲ."

ಉಳಿದಿಬ್ಬರು ಸೇರಿ ಅವಳನ್ನು ಬಗ್ಗುಬಡಿಯುವ ಭಾಗವನ್ನು ಆದಷ್ಟು ಬೇಗ ಓದಿ ಮುಗಿಸಿದೆ. 'ಸೈತಾನ' ಎಂಬ ಮಾತಿಗೆ ಹಿಂದಿನ ಸಂಜೆ 'ದೆವ್ವ' ಎಂದಿದ್ದೆ, ಈಗ ಅದೂ ಬಾಯಿಗೆ ಬರಲಿಲ್ಲ, ಅದೇನೋ ಬಂತು ಎಂದು ದಾಟಿಸಿದೆ. ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದು ಸೊಸೆ ಕಲ್ಲಿನ ಕಥೆ ಇದ್ದಂಗಿದೆ" ಎಂದರು.

ಹಾಸನಾಂಬೆಯ ಗುಡಿ ನೋಡಿದವರಿಗೆಲ್ಲ ಆ ಕಲ್ಲು ಗೊತ್ತು. ದೇವಿಯ ಮುಂದೆ ಮೈಮರೆತು ಕೂರುತ್ತಿದ್ದ ಸೊಸೆಯನ್ನು ಅತ್ತೆ ಅಲ್ಲಿಗೇ ಬಂದು ಹೊಡೆದಳು, ಸೊಸೆ ಅಮ್ಮಾ ಎಂದು ಕೂಗಿದಳು, ದೇವಿ ಅವಳನ್ನು ಕಲ್ಲು ಮಾಡಿ ತನ್ನ ಬಳಿಯೇ ಇಟ್ಟುಕೊಂಡಳು ಎಂಬುದು ಊರಿನವರು ಹೇಳುವ ಕಥೆ. ವರ್ಷಕ್ಕೊಂದು ಭತ್ತದ ಕಾಳಿನಷ್ಟು ಅದು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂಬ ನಂಬಿಕೆಯೂ ಇದೆ. ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆಯನ್ನು ನಾನು ಶಿಕ್ಷೆಯ ಕಥೆಯೆಂದೇ ತಿಳಿದಿದ್ದೆ. ಅತ್ತೆಗೆ ಅದು ಬೇರೆಯೇ ಆಗಿ ಕಂಡಿದೆ. "ಹೊಡ್ಸ್ಕಂಡ್ ಹೊಡ್ಸ್ಕಂಡ್ ಮನ್ಷ್ಯರಾಗಿ ಇರಕ್ಕೆ ಆಗ್ದೆ ಹೋದಾಗ ಇನ್ನೇನಾದ್ರೂ ಆಗ್ಲೇಬೇಕಲ್ಲ. ಅವಳು ಕಲ್ಲಾದ್ಲು, ಇವಳು ಹಿಂಗಾದ್ಲು. ಅದ್ನ ದೆವ್ವ ಅಂತಾರಾ ಯಾರಾದ್ರೂ?" ಆ ದಿನ ಬೆಳಿಗ್ಗೆ ನಾಲ್ಕು ಗಂಟೆ ಹೊತ್ತು ಸಾಲಿನಲ್ಲಿ ನಿಂತು ಆ ಕಲ್ಲನ್ನು ನೋಡಿ ಬಂದಿದ್ದವರು ಅವರು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಬಸ್ಸಿನ ನೆನಪು ನನಗಷ್ಟೇ ಬಂದಿದೆಯೋ, ಅವರಿಗೂ ಬಂದಿದೆಯೋ ತಿಳಿಯಲಿಲ್ಲ. ಹದಿನೆಂಟು ವರ್ಷದಲ್ಲಿ ನಾವಿಬ್ಬರೂ ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು, ಅವಳೂ ಆಡಿರಲಿಲ್ಲ.

"ಆ ತಾಯಿತ ಯಾವಾಗ ಬಿಚ್ಚಿದ್ದೆ?" ಎಂದರು ಅತ್ತೆ, ತಟ್ಟೆಯಲ್ಲಿದ್ದ ಬತ್ತಿಗಳನ್ನು ನೋಡುತ್ತಾ.

"ಹಾಸ್ಟೆಲಿಗೆ ಹೋಗಕ್ ಮುಂಚೆ. ಹತ್ತನೇ ದಿನವೋ ಏನೋ."

"ಒಂಬತ್ತನೇ ದಿನ. ಬಚ್ಚಲಲ್ಲಿ ಬಿಚ್ಚಿ ಒಲೆ ಉರಿಗೆ ಹಾಕ್ದೆ ನೀನು. ನಿಮ್ಮಮ್ಮ ನೋಡಿದ್ಲು. ಹೇಳ್ಬೇಡಿ ಅಕ್ಕ, ಅವಳು ಕಟ್ಕೊಂಡಿದಾಳೆ ಅಂತಾನೇ ಇರ್ಲಿ ಅಂದ್ಲು. ಅಷ್ಟೂ ದಿನ ದೀಪ ಮಾತ್ರ ಹಚ್ತಾ ಇದ್ವಿ, ನಾವಿಬ್ರೇ."

ಎಣಿಸಿದರು. ನಲವತ್ತು ಬತ್ತಿಗಳಾಗಿದ್ದವು. ನಾಳೆಗೆ ಇಷ್ಟು ಸಾಲದು, ಇನ್ನೊಂದು ಚೂರು ಹತ್ತಿ ಕೊಡು ಎಂದು ಕೈ ಚಾಚಿದರು.